ಯುರೋಪಿನ ಬಿರುಕು ಬೆಳಗಾವಿಗೆ ಬಂದ ದಾರಿ

(ಸಂತ ಜೋಸೆಫ್ ವಾಜರ ಹಬ್ಬ ಹಾಗೂ ಕ್ರೈಸ್ತ ಐಕ್ಯತಾ ಪ್ರಾರ್ಥನಾ ಸಪ್ತಾಹದ ನಿಮಿತ್ತ)



ಜನವರಿ 16ರಂದು ನಾವು ಸಂತ ಜೋಸೆಫ್ ವಾಜರ ಹಬ್ಬವನ್ನು ಆಚರಿಸುತ್ತೇವೆ. ಅದಾಗಿ ಎರಡೇ ದಿನಕ್ಕೆ, ಅಂದರೆ 18ರಿಂದ 25ರವರೆಗೆ, ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥಿಸುವ ಸಪ್ತಾಹ. 1908ರಿಂದ ನಡೆದುಬಂದಿರುವ ಈ ಸಪ್ತಾಹವನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಬಹುಮಟ್ಟಿಗೆ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನು ಸೇರಿಸಿ ಮುಗಿಸಿಬಿಡುತ್ತೇವೆ. ಈ ವರ್ಷ ಸ್ವಲ್ಪ ಕುಳಿತು ವಿಚಾರ ಮಾಡೋಣ. ಏಕೆಂದರೆ ನಮ್ಮ ಮನೆಗಳಲ್ಲಿ ಇದು ಈಗ ಪುಸ್ತಕದೊಳಗಿನ ಪ್ರಶ್ನೆಯಾಗಿ ಉಳಿದಿಲ್ಲ. ಮಗಳಿಗೆ ಮೆಥೊಡಿಸ್ಟ್ ಮನೆತನದಿಂದ ಸಂಬಂಧ ಬಂದಿರುತ್ತದೆ. ಮಗನ ಹೆಂಡತಿ ಬೇರೆ ಸಭೆಯಲ್ಲಿ ಬೆಳೆದವಳಾಗಿರುತ್ತಾಳೆ. ಆಗ ತಂದೆತಾಯಿಯರು ಧರ್ಮಗುರುಗಳ ಮನೆಯ ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ, "ಫಾದರ್, ಅವರೂ ಯೇಸುಸ್ವಾಮಿಯ ಮಂದಿಯೇ ಅಲ್ಲವೇ? ಮತ್ತೆ ಯಾಕಿಷ್ಟು ತಾಪತ್ರಯ?" ಎಂದು ಕೇಳುತ್ತಾರೆ.

ಕೇಳುವುದು ನ್ಯಾಯವೇ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನಮ್ಮ ಫಾತಿಮಾ ಮಾತೆಯ ಪ್ರಧಾನಾಲಯವಿದೆ. ಅದೇ ಕ್ಯಾಂಪಿನಲ್ಲಿ 1869ರಲ್ಲಿ ಪ್ರತಿಷ್ಠಾಪನೆಗೊಂಡ, ಆಂಗ್ಲಿಕನ್ ಪರಂಪರೆಯ ಸಂತ ಮೇರಿ ಚರ್ಚು ಇದೆ. ಊರಿನಲ್ಲಿ ಮೆಥೊಡಿಸ್ಟರ ಚರ್ಚು ಇದೆ. ಮೂರರಲ್ಲಿಯೂ ಶಿಲುಬೆ, ಮೂರರಲ್ಲಿಯೂ ಒಂದೇ ಪರಲೋಕ ಜಪ. ಆದರೂ ಭಾನುವಾರ ಬೆಳಿಗ್ಗೆ ನೆರೆಹೊರೆಯ ಮನೆಗಳಿಂದ ಹೊರಟ ಕ್ರೈಸ್ತರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ. ಈ ದಾರಿಗಳು ಕವಲೊಡೆದದ್ದು ಬೆಳಗಾವಿಯಲ್ಲಲ್ಲ, ಐನೂರು ವರ್ಷಗಳ ಹಿಂದೆ ಯುರೋಪಿನಲ್ಲಿ. ನಮ್ಮ ಮಕ್ಕಳು ಶಾಲೆಯಲ್ಲಿ 'ಮತಸುಧಾರಣೆ' ಎಂಬ ಪಾಠದಲ್ಲಿ ಓದಿ, ಪರೀಕ್ಷೆ ಮುಗಿದ ಮೇಲೆ ಮರೆಯುವ ಕಥೆಯೇ ಅದು. ಆದರೆ ಅದು ನಮ್ಮದೇ ಮನೆಯ ಕಥೆ.

ಮಧ್ಯಯುಗ ಎಂದರೆ ಕತ್ತಲೆಯ ಯುಗ ಎಂದು ಹೇಳುವ ರೂಢಿಯಿದೆ. ಅದನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರು ಬಾಳಿದ್ದು ಆ ಕಾಲದಲ್ಲೇ. ಸಂತ ತೋಮಸ್ ಅಕ್ವಿನಾಸರು ಬರೆದದ್ದು, ಪ್ಯಾರಿಸ್, ಬೊಲೋನ್ಯಗಳಲ್ಲಿ ವಿಶ್ವವಿದ್ಯಾಲಯಗಳು ಬೆಳೆದದ್ದು ಸಹ ಆ ಕಾಲದಲ್ಲೇ. 1215ರಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆಯ ಆಜ್ಞೆಯನ್ನು ನಾವು ಇಂದಿಗೂ ಪಾಲಿಸುತ್ತೇವೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು, ಪಾಸ್ಖ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕು ಎಂಬ ನಿಯಮ ಅಲ್ಲಿಂದ ಬಂದದ್ದು. ಮದುವೆಗೆ ಮೊದಲು ದೇವಾಲಯದಲ್ಲಿ ಹೆಸರು ಪ್ರಕಟಿಸುವ ಪದ್ಧತಿಯನ್ನು ಎಲ್ಲೆಡೆ ಕಡ್ಡಾಯ ಮಾಡಿದ್ದೂ ಅದೇ ಸಭೆ. ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಸಾಲುಗಟ್ಟಿ ನಿಲ್ಲುವ ಖಾನಾಪುರದ ಅಜ್ಜಿಯಂದಿರು ಎಂಟುನೂರು ವರ್ಷಗಳ ಹಿಂದಿನ ಒಂದು ತೀರ್ಮಾನವನ್ನು ನಡೆಸಿಕೊಡುತ್ತಿದ್ದಾರೆ, ಅವರಿಗೆ ಅದು ಗೊತ್ತಿರಲಿಕ್ಕಿಲ್ಲ ಅಷ್ಟೆ.

ಆದರೆ ಆ ಮನೆಗೆ ಗೆದ್ದಲು ಹತ್ತಿತ್ತು ಎಂಬುದೂ ನಿಜ. 1378ರಿಂದ 1417ರವರೆಗೆ ಮೊದಲು ಇಬ್ಬರು, ಆಮೇಲೆ ಮೂವರು ತಾವೇ ನಿಜವಾದ ಪೋಪ್ ಎಂದು ಹೇಳಿಕೊಂಡರು. ಈ ಗೊಂದಲವನ್ನು ಬಿಡಿಸಲು ಸೇರಿದ ಕಾನ್‌ಸ್ಟನ್ಸ್ ಮಹಾಸಭೆಯೇ 1415ರಲ್ಲಿ ಬೊಹೆಮಿಯದ ಯಾನ್ ಹುಸ್ ಎಂಬ ಗುರುವನ್ನು ಪಾಷಂಡಿ ಎಂದು ತೀರ್ಮಾನಿಸಿತು, ಅವರನ್ನು ಜೀವಂತ ಸುಡಲಾಯಿತು. ಮೇಲಿನವರ ಜಗಳ, ಭ್ರಷ್ಟತೆ, ಓದುಬರಹ ಅರಿಯದ ಹಳ್ಳಿಯ ಗುರುಗಳು, ಎರಡು ಮೂರು ಧರ್ಮಕ್ಷೇತ್ರಗಳನ್ನು ಹಿಡಿದುಕೊಂಡು ಒಂದರಲ್ಲೂ ವಾಸಿಸದ ಧರ್ಮಾಧ್ಯಕ್ಷರು. ಇದು ಒಂದು ಶತಮಾನ ಹೀಗೆಯೇ ಮುಂದುವರಿಯಿತು.

ಕಿಡಿ ಹೊತ್ತಿದ್ದು ಹಣದ ವಿಷಯದಲ್ಲಿ. ನಮ್ಮವರಿಗೆ ಈ ಭಾಗ ಸರಿಯಾಗಿ ತಿಳಿದಿರಬೇಕು, ಏಕೆಂದರೆ "ನಿಮ್ಮ ಪೋಪರು ಪಾಪಕ್ಷಮೆಯನ್ನು ಮಾರಿದರಂತೆ" ಎಂದು ಯಾರಾದರೂ ಕೆಣಕಿದಾಗ ಬಹಳ ಮಂದಿ ತಲೆ ತಗ್ಗಿಸಿ ಸುಮ್ಮನಾಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ಧರ್ಮಸಭೆಯ ಬೋಧನೆ ಏನು? ಒಬ್ಬಾತ ಪಕ್ಕದವರ ಹೊಲದ ಬದುವನ್ನು ಒತ್ತಿ ಉತ್ತುಬಿಟ್ಟ ಎಂದುಕೊಳ್ಳಿ. ಆಮೇಲೆ ಪಶ್ಚಾತ್ತಾಪಪಟ್ಟು ಕ್ಷಮೆ ಕೇಳಿದ, ಅವರೂ ಕ್ಷಮಿಸಿದರು. ಕ್ಷಮೆ ಸಿಕ್ಕಿತು, ನಿಜ. ಆದರೆ ಬದುವನ್ನು ಮತ್ತೆ ಹಾಕಿಕೊಡುವ ಕೆಲಸ ಉಳಿದೇ ಇದೆ. ಪಾಪವನ್ನು ಕ್ಷಮಿಸುವವರು ದೇವರು, ಅದಕ್ಕೆ ಬೆಲೆಯಿಲ್ಲ. ಪಾಪದ ಪರಿಣಾಮವಾಗಿ ಉಳಿದ ಆ ರಿಪೇರಿ ಕೆಲಸದಲ್ಲಿ, ಪ್ರಾರ್ಥನೆ ಮತ್ತು ಸತ್ಕಾರ್ಯ ಮಾಡುವವನಿಗೆ ಧರ್ಮಸಭೆ ಸಂತರ ಪುಣ್ಯಭಂಡಾರದಿಂದ ಕೈಜೋಡಿಸುತ್ತದೆ. ಇದನ್ನೇ ಇಂಡಲ್ಜೆನ್ಸ್ ಎನ್ನುತ್ತಾರೆ. ದಾನವೂ ಒಂದು ಸತ್ಕಾರ್ಯ ಎಂಬ ಬಾಗಿಲಿನಿಂದ ಹಣ ಒಳಗೆ ಬಂತು. ಬಂದ ಮೇಲೆ ಹೊರಗೆ ಹೋಗಲಿಲ್ಲ.

ಬ್ರಾಂಡೆನ್‌ಬರ್ಗಿನ ಆಲ್ಬರ್ಟ್ ಎಂಬ ಯುವ ರಾಜಪುತ್ರ 1513ರಲ್ಲಿ ಮಾಗ್ಡೆಬರ್ಗಿನ ಮಹಾಧರ್ಮಾಧ್ಯಕ್ಷನಾದ. ಮರುವರ್ಷವೇ ಮೈನ್ಸ್ ಪೀಠವೂ ಅವನಿಗೆ ಬೇಕಾಯಿತು. ಎರಡನ್ನೂ ಇಟ್ಟುಕೊಳ್ಳಲು ರೋಮಿಗೆ ಭಾರಿ ಮೊತ್ತ ಕಟ್ಟಬೇಕಾಗಿತ್ತು, ಅದನ್ನು ಔಗ್ಸ್‌ಬರ್ಗಿನ ಫುಗ್ಗರ್ ಎಂಬ ಸಾಹುಕಾರರ ಮನೆತನದಿಂದ ಸಾಲ ತಂದ. ಸಾಲ ತೀರಿಸುವುದು ಹೇಗೆ? ರೋಮಿನಲ್ಲಿ ಸಂತ ಪೇತ್ರರ ಮಹಾದೇವಾಲಯ ಕಟ್ಟುವ ಕೆಲಸ ನಡೆದಿತ್ತು. ಅದರ ಸಲುವಾಗಿ ಇಂಡಲ್ಜೆನ್ಸ್ ಸಾರಿ ಹಣ ಸಂಗ್ರಹಿಸಲು ಪೋಪ್ ಹತ್ತನೇ ಲಿಯೋ ಅವರಿಂದ ಅಪ್ಪಣೆ ಸಿಕ್ಕಿತು. ಬಂದದ್ದರಲ್ಲಿ ಅರ್ಧ ದೇವಾಲಯಕ್ಕೆ, ಅರ್ಧ ಸಾಹುಕಾರರಿಗೆ. ಯೋಹಾನ್ ಟೆಟ್ಜೆಲ್ ಎಂಬ ದೊಮಿನಿಕನ್ ಸನ್ಯಾಸಿ ಊರೂರು ತಿರುಗಿ, ಸತ್ತವರ ಆತ್ಮಗಳನ್ನು ಬಿಡಿಸಿಕೊಳ್ಳಿರಿ ಎಂದು ಬೋಧಿಸಿ ಪತ್ರಗಳನ್ನು ಹಂಚಿದ. ತೀರಿಹೋದ ತಾಯಿಗಾಗಿ ಬಡವಿ ಕೊಟ್ಟ ನಾಣ್ಯ ಸಾಹುಕಾರನ ಲೆಕ್ಕದ ಪುಸ್ತಕಕ್ಕೆ ಹೋಗುತ್ತಿದೆ ಎಂಬುದು ಆ ಬಡವಿಗೆ ತಿಳಿದಿರಲಿಲ್ಲ.

ವಿಟೆನ್‌ಬರ್ಗಿನ ಪ್ರಾಧ್ಯಾಪಕರೂ ಅಗಸ್ಟೀನ್ ಮಠದ ಸನ್ಯಾಸಿಯೂ ಆಗಿದ್ದ ಮಾರ್ಟಿನ್ ಲೂಥರರು ಇದರ ವಿರುದ್ಧ 95 ವಾದಾಂಶಗಳನ್ನು ಬರೆದು 1517ರ ಅಕ್ಟೋಬರ್ 31ರಂದು ಅದೇ ಆಲ್ಬರ್ಟನಿಗೆ ಕಳಿಸಿದರು. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದರೋ ಇಲ್ಲವೋ ಎಂದು ಪಂಡಿತರು ವಾದಿಸುತ್ತಾರೆ, ಪತ್ರ ಬರೆದದ್ದಂತೂ ನಿಜ. ಆಗ ಅವರು ಕಥೋಲಿಕ ಗುರುವೇ. ದೂರು ಕೇಳಬೇಕಾದವರು ಕೇಳಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೇನೋ. ಆದರೆ ವಾದ ಬೆಳೆಯಿತು, ಹಣದಿಂದ ಅಧಿಕಾರಕ್ಕೆ, ಅಧಿಕಾರದಿಂದ ಸಂಸ್ಕಾರಗಳಿಗೆ, ದೇವಕೃಪೆಗೆ. 1521ರಲ್ಲಿ ಅವರನ್ನು ಧರ್ಮಸಭೆಯಿಂದ ಬಹಿಷ್ಕರಿಸಲಾಯಿತು. 1523ರಲ್ಲಿ ಪೋಪ್ ಆರನೇ ಏಡ್ರಿಯನ್ ಅವರು ನ್ಯೂರೆಂಬರ್ಗಿನ ಸಭೆಗೆ ತಮ್ಮ ಪ್ರತಿನಿಧಿಯ ಮೂಲಕ, ರೋಗ ತಲೆಯಿಂದಲೇ, ಅಂದರೆ ರೋಮಿನ ಆಸ್ಥಾನದಿಂದಲೇ ಹರಡಿತು ಎಂದು ಒಪ್ಪಿಕೊಂಡು ತಿಳಿಸಿದರು. ದುರ್ದೈವದಿಂದ ಅದೇ ವರ್ಷ ಅವರು ತೀರಿಕೊಂಡರು. ಸುಧಾರಣೆಗಾಗಿ ಟ್ರೆಂಟ್ ಮಹಾಸಭೆ ಸೇರಿದ್ದು 1545ರಲ್ಲಿ. ಈ ಇಪ್ಪತ್ತೆಂಟು ವರ್ಷಗಳ ವಿಳಂಬವೇ ನಮ್ಮ ಧರ್ಮಸಭೆಯ ಕಡೆಯಿಂದ ಆದ ದೊಡ್ಡ ಅಪರಾಧವೆಂದು ನಮಗನಿಸುತ್ತದೆ.

ಲೂಥರರ ಕಡೆಯೂ ಎಲ್ಲ ನಿರ್ಮಲವಲ್ಲ. 1525ರಲ್ಲಿ ಬಂಡೆದ್ದ ರೈತರ ವಿರುದ್ಧ, 1543ರಲ್ಲಿ ಯೆಹೂದ್ಯರ ವಿರುದ್ಧ ಅವರು ಬರೆದದ್ದನ್ನು ಇಂದು ಲೂಥರನ್ ಸಭೆಗಳೇ ತಿರಸ್ಕರಿಸಿವೆ. ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ ದೊರೆ ಎಂಟನೇ ಹೆನ್ರಿ ತನ್ನ ವಿವಾಹದ ವ್ಯಾಜ್ಯದಿಂದಾಗಿ 1534ರಲ್ಲಿ ತಾನೇ ಇಂಗ್ಲೆಂಡಿನ ಸಭೆಯ ಶಿರಸ್ಸು ಎಂದು ಶಾಸನ ಮಾಡಿಸಿದ. ಅವನ ಮಗಳು ಮೇರಿ ಕಥೋಲಿಕಳು, ಅವಳ ಕಾಲದಲ್ಲಿ ಸುಮಾರು 280 ಮಂದಿ ಪ್ರೊಟೆಸ್ಟಂಟರನ್ನು ಸುಟ್ಟರು. ಇನ್ನೊಬ್ಬ ಮಗಳು ಎಲಿಜಬೆತ್ ಆಳಿದಾಗ ಬಲಿಪೂಜೆ ಅರ್ಪಿಸಿದ ಗುರುಗಳನ್ನು ಗಲ್ಲಿಗೇರಿಸಿದರು, ಸಂತ ಎಡ್ಮಂಡ್ ಕ್ಯಾಂಪಿಯನರು 1581ರಲ್ಲಿ ಹಾಗೆ ರಕ್ತಸಾಕ್ಷಿಯಾದರು. ಜಿನೀವಾದಲ್ಲಿ ಕಾಲ್ವಿನ್, ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ, ಆಮೇಲೆ 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧ. ಆ ರಕ್ತದ ಲೆಕ್ಕ ಇಲ್ಲಿ ಬೇಡ.

ಟ್ರೆಂಟ್ ಮಹಾಸಭೆ ನಡುನಡುವೆ ನಿಂತು 1563ರಲ್ಲಿ ಮುಗಿಯಿತು. ಅದು ಮಾಡಿದ್ದೇನು ಎಂದು ತಿಳಿಯಲು ರೋಮಿಗೆ ಹೋಗಬೇಕಿಲ್ಲ, ನಿಮ್ಮ ಧರ್ಮಕೇಂದ್ರದ ಕಚೇರಿಯ ಕಪಾಟು ತೆಗೆದರೆ ಸಾಕು. ದೀಕ್ಷಾಸ್ನಾನದ ದಫ್ತರ, ಮದುವೆಯ ದಫ್ತರ ಇಟ್ಟುಕೊಳ್ಳಬೇಕೆಂದು ಪ್ರತಿಯೊಬ್ಬ ವಿಚಾರಣಾ ಗುರುವಿಗೂ ಆಜ್ಞೆಯಾದದ್ದು ಅಲ್ಲಿ. ವಿಚಾರಣಾ ಗುರು ಹಾಗೂ ಇಬ್ಬರು ಸಾಕ್ಷಿಗಳ ಮುಂದೆ ಆಗದ ಮದುವೆ ಮದುವೆಯೇ ಅಲ್ಲ ಎಂದು ನಿರ್ಧರಿಸಿದ್ದೂ ಅಲ್ಲಿ. ಗುಟ್ಟಾಗಿ ಮದುವೆಯಾಗಿ, ಆಮೇಲೆ ಹೆಂಡತಿಯನ್ನು ಅಲ್ಲಗಳೆಯುವ ಗಂಡಸರಿಂದ ಹೆಣ್ಣುಮಕ್ಕಳನ್ನು ಕಾಪಾಡಲು ಆ ನಿಯಮ ಬಂತು ಎಂಬುದನ್ನು ಬಹಳ ಮಂದಿ ಅರಿಯರು. ಧರ್ಮಾಧ್ಯಕ್ಷರು ತಮ್ಮ ಕ್ಷೇತ್ರದಲ್ಲೇ ವಾಸಿಸಬೇಕು, ಗುರುಗಳಾಗುವವರಿಗೆ ಪ್ರತಿ ಧರ್ಮಕ್ಷೇತ್ರವೂ ಗುರುಮಠ ನಡೆಸಬೇಕು ಎಂಬ ನಿಯಮಗಳೂ ಆಗಲೇ ಬಂದವು. ನಾವು ಎಂಟೊಂಬತ್ತು ವರ್ಷ ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಎಂದು ಕುಳಿತು ಓದಿದ್ದಕ್ಕೆ ಟ್ರೆಂಟೇ ಕಾರಣ, ಒಂದರ್ಥದಲ್ಲಿ ಲೂಥರರೂ ಕಾರಣ! ಹಣ ವಸೂಲಿಯ ಬೋಧಕರ ಹುದ್ದೆಯನ್ನೇ ಆ ಸಭೆ ರದ್ದುಮಾಡಿತು, 1567ರಲ್ಲಿ ಪೋಪ್ ಐದನೇ ಪಿಯುಸ್ ಅವರು ಹಣ ಕೊಟ್ಟು ಪಡೆಯುವ ಎಲ್ಲ ಇಂಡಲ್ಜೆನ್ಸುಗಳನ್ನೂ ತೆಗೆದುಹಾಕಿದರು.

ಇನ್ನು ಇದೆಲ್ಲ ನಮ್ಮ ಕಡೆಗೆ ಹೇಗೆ ಬಂತು?

ಲೂಥರರು ಪತ್ರ ಬರೆಯುವುದಕ್ಕೆ ಏಳು ವರ್ಷ ಮೊದಲೇ, 1510ರ ನವೆಂಬರ್ 25ರಂದು, ಪೋರ್ಚುಗೀಸರು ಗೋವೆಯನ್ನು ಹಿಡಿದಿದ್ದರು. ಮುಂದೆ ಘಟ್ಟದ ಮೇಲಿನ ಬೆಳಗಾವಿ, ಖಾನಾಪುರ ಸೀಮೆ ವಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಕೋಟೆಯೊಳಗಿನ ಸಫಾ ಮಸೀದಿಯನ್ನು ಕಟ್ಟಿಸಿದ ಅಸದಖಾನ ಬೆಳಗಾವಿಯ ಸುಬೇದಾರನಾಗಿದ್ದ ಕಾಲ ಅದು. ಸಂತ ಫ್ರಾನ್ಸಿಸ್ ಕ್ಸೇವಿಯರರು 1542ರ ಮೇ 6ರಂದು ಗೋವೆಗೆ ಬಂದಿಳಿದರು. ಟ್ರೆಂಟಿನ ತೀರ್ಮಾನಗಳನ್ನು ಜಾರಿಗೆ ತರಲು 1567ರಲ್ಲಿ ಗೋವೆಯಲ್ಲಿ ಪ್ರಾಂತೀಯ ಸಭೆ ಸೇರಿತು. ನಾಲ್ಕೇ ವರ್ಷದಲ್ಲಿ ಟ್ರೆಂಟ್ ನಮ್ಮ ಘಟ್ಟದ ಕೆಳಗಿನ ತನಕ ಬಂದಿತ್ತು!

ಇಂಗ್ಲೆಂಡಿನ ಕಥೆ ಹೇಳಿದೆವಲ್ಲ, ಅದರಿಂದಲೂ ನಮಗೊಂದು ದಾನ ಬಂತು. ತೋಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಯುವಕನಿಗೆ ತನ್ನ ನಾಡಿನಲ್ಲಿ ಕಥೋಲಿಕನಾಗಿ ಬಾಳುವುದೇ ಕಷ್ಟವಾಯಿತು, ಗುರುವಾಗುವುದಂತೂ ದೂರದ ಮಾತು. 1575ರಲ್ಲಿ ರೋಮಿಗೆ ಹೋಗಿ ಯೇಸುಸಭೆಯನ್ನು ಸೇರಿದರು. 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದವರು ಸುಮಾರು ನಲವತ್ತು ವರ್ಷ ಇಲ್ಲಿಯೇ ಉಳಿದು 1619ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರು ಮರಾಠಿಯಲ್ಲಿ ಓವಿಗಳ ರೂಪದಲ್ಲಿ ಬರೆದ 'ಕ್ರಿಸ್ತಪುರಾಣ' 1616ರಲ್ಲಿ ರಾಶೋಲಿನಲ್ಲಿ ಅಚ್ಚಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಓವಿಗಳು! ಕೊಂಕಣಿಯಲ್ಲಿ ಧರ್ಮೋಪದೇಶದ ಪುಸ್ತಕ ಮತ್ತು ಕೊಂಕಣಿಯ ವ್ಯಾಕರಣ ಅವರ ಮರಣಾನಂತರ ಮುದ್ರಣಗೊಂಡವು. 'ಕ್ರಿಸ್ತಪುರಾಣ'ವನ್ನು 1907ರಲ್ಲಿ ಮತ್ತೆ ಮುದ್ರಿಸಿದ್ದು ನಮ್ಮ ಮಂಗಳೂರಿನಲ್ಲಿ. ಇಂಗ್ಲೆಂಡಿನಲ್ಲಿ ಮತಸುಧಾರಣೆಯ ಕೋಲಾಹಲ ಏಳದೆ ಇದ್ದಿದ್ದರೆ ಆ ಮನುಷ್ಯ ತನ್ನ ಊರಲ್ಲೇ ಎಲ್ಲೋ ವಿಚಾರಣಾ ಗುರುವಾಗಿ ಇದ್ದುಬಿಡುತ್ತಿದ್ದರೋ ಏನೋ.

ಗೋವೆಯಿಂದ ಬಂದದ್ದೆಲ್ಲ ಹಾಡೇ ಅಲ್ಲ. ಧರ್ಮವಿಚಾರಣಾ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್, 1560ರಲ್ಲಿ ಅಲ್ಲಿ ಸ್ಥಾಪನೆಯಾಗಿ, 1774ರಿಂದ 1778ರವರೆಗೆ ನಿಂತದ್ದನ್ನು ಬಿಟ್ಟರೆ, 1812ರವರೆಗೆ ನಡೆಯಿತು. ಅದು ಬೇಕೆಂದು 1546ರಲ್ಲಿ ಪೋರ್ಚುಗಲ್ ದೊರೆಗೆ ಬರೆದವರಲ್ಲಿ ನಾವು ಪೂಜಿಸುವ ಸಂತ ಕ್ಸೇವಿಯರರೂ ಒಬ್ಬರು. ಇದನ್ನು ಮರೆಮಾಚಿ ಅವರ ಹಬ್ಬದಲ್ಲಿ ಪ್ರಬೋಧನೆ ಮಾಡುವುದು ನಮಗೆ ಸರಿಕಾಣುವುದಿಲ್ಲ. ಸಂತರೂ ತಮ್ಮ ಕಾಲದ ಮಕ್ಕಳೇ. ಹೊಸದಾಗಿ ಕ್ರೈಸ್ತರಾದವರು ಅಂಗಳದಲ್ಲಿ ತುಳಸಿ ಇಟ್ಟರೆ, ಮದುವೆಯಲ್ಲಿ ಹಳೆಯ ಶಾಸ್ತ್ರ ಮಾಡಿದರೆ ಅದೂ ಅಪರಾಧ. 1684ರಲ್ಲಿ ವೈಸರಾಯ್ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದ. ಈ ಭಯ, ಜೊತೆಗೆ ಕ್ಷಾಮ, ತೆರಿಗೆ, 1683ರಲ್ಲಿ ಸಂಭಾಜಿಯ ದಂಡಯಾತ್ರೆ, ಇವೆಲ್ಲ ಸೇರಿ ಗೋವೆಯ ಕ್ರೈಸ್ತರೂ ಹಿಂದೂಗಳೂ ಗಡಿ ದಾಟಿ ಹೋದರು. ಕೆನರಾಕ್ಕೆ ಇಳಿದವರ ವೃತ್ತಾಂತ ಎಲ್ಲರಿಗೂ ಗೊತ್ತು. ನಮ್ಮಲ್ಲೂ ಘಟ್ಟ ಹತ್ತಿ ಬಂದ ಮನೆತನಗಳು ಅನೇಕ. ಕೆಲವರು ಬೇಸಾಯಕ್ಕೆ, ಕೆಲವರು ಸೈನ್ಯದ ಚಾಕರಿಗೆ, ಬಹಳ ಕಾಲದ ನಂತರ ಲೋಂಡಾ, ಕ್ಯಾಸಲ್‌ರಾಕ್ ರೈಲು ಬಂದಾಗ ರೈಲ್ವೆ ನೌಕರಿಗೆ.

ಪ್ರೊಟೆಸ್ಟಂಟರು ಬರುವ ಮೊದಲೇ ನಮ್ಮ ಮನೆಯಲ್ಲಿ ಎರಡು ಒಲೆ ಹೊತ್ತಿದ್ದವು ಎಂಬುದನ್ನೂ ಹೇಳಬೇಕು. ಪೋರ್ಚುಗಲ್ ದೊರೆಗೆ ಪೂರ್ವದೇಶಗಳ ಧರ್ಮಸಭೆಯ ಪೋಷಣೆ ಹಾಗೂ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನು ಪೋಪರು ಕೊಟ್ಟಿದ್ದರು. ಇದೇ ಪಾದ್ರುವಾದೊ. 1622ರಲ್ಲಿ ಪೋಪ್ ಹದಿನೈದನೇ ಗ್ರೆಗರಿಯವರು ಧರ್ಮಪ್ರಸಾರಕ್ಕೆ ರೋಮಿನಲ್ಲೇ ಪ್ರತ್ಯೇಕ ಮಂಡಳಿಯನ್ನು ಸ್ಥಾಪಿಸಿದರು, ಅದು ಪ್ರೊಪಗಾಂಡ. ಆ ಮಂಡಳಿ ನೇಮಿಸಿದವರಲ್ಲಿ ಒಬ್ಬರು ಗೋವೆಯ ದಿವಾಡಿ ದ್ವೀಪದ ಮತೇವುಸ್ ದೆ ಕಾಸ್ತ್ರೊ. ಗೋವೆಯಲ್ಲಿ ಗುರುದೀಕ್ಷೆ ಸಿಗದೆ ಅವರು ರೋಮಿಗೆ ಹೋಗಿ ಗುರುವಾದರು. 1637ರಲ್ಲಿ ಧರ್ಮಾಧ್ಯಕ್ಷರಾಗಿ ವಿಜಾಪುರ ರಾಜ್ಯದ ಪ್ರೇಷಿತ ಪ್ರತಿನಿಧಿಯಾದರು. ಲತೀನ್ ವಿಧಿಯ ಮೊದಲ ಭಾರತೀಯ ಧರ್ಮಾಧ್ಯಕ್ಷರು ಅವರೇ, ಬೆಳಗಾವಿ ಖಾನಾಪುರಗಳು ಆಗ ವಿಜಾಪುರ ರಾಜ್ಯದೊಳಗೇ ಇದ್ದವು! ಗೋವೆಯವರು ಅವರನ್ನು ಒಪ್ಪಲಿಲ್ಲ. ಆದಿಲಶಾಹಿ ಸೀಮೆಯ ಡಿಚೋಲಿಯಲ್ಲಿ ನೆಲೆಸಿ ಅವರು ಗೋವೆಯ ಯುವಕರಿಗೆ ಗುರುದೀಕ್ಷೆ ಕೊಟ್ಟರು. ಪೋರ್ಚುಗೀಸರ ವಿರುದ್ಧ ವಿಜಾಪುರದವರನ್ನೂ ಡಚ್ಚರನ್ನೂ ಎತ್ತಿಕಟ್ಟಿದರೆಂಬ ಆರೋಪ ಹೊತ್ತು, ಕಡೆಗೆ ರೋಮಿನಲ್ಲಿ ತೀರಿಕೊಂಡರು. ಸ್ವಭಾವ ಸೌಮ್ಯವಾದುದಲ್ಲ. ಆದರೆ ಬಣ್ಣ ಮತ್ತು ಹುಟ್ಟಿನ ಕಾರಣಕ್ಕೆ ಗುರುಪೀಠದಿಂದ ದೂರವಿಟ್ಟವರಿಗೆ ಸೌಮ್ಯವಾಗಿರು ಎಂದು ಹೇಳುವುದು ಸುಲಭ.

ಅವರ ಸಂಬಂಧಿ ತೋಮಸ್ ದೆ ಕಾಸ್ತ್ರೊ ಅವರನ್ನು ರೋಮ್ ಕೆನರಾಕ್ಕೆ ನೇಮಿಸಿದಾಗ ಅದೇ ಜಗಳ ಮಂಗಳೂರಿಗೆ ಬಂತು. ಗೋವೆಯ ಗುರುಗಳು ಕೊಟ್ಟ ಸಂಸ್ಕಾರ ಸಿಂಧುವೋ, ಇವರದು ಸಿಂಧುವೋ? ಜನ ಕಂಗಾಲಾದರು. ಈ ಗೊಂದಲದ ನಡುವೆ 1681ರಲ್ಲಿ ಗೋವೆಯ ಕಡೆಯಿಂದ ಕೆನರಾ ಗುರುಗಳ ಮುಖ್ಯಸ್ಥರಾಗಿ ಬಂದವರು ನಮ್ಮ ಸಂತ ಜೋಸೆಫ್ ವಾಜರು, ಆಗ ಮೂವತ್ತರ ತರುಣ. ಅವರು ತಮ್ಮ ಪಕ್ಷದ ಬಾವುಟ ಹಿಡಿದು ಬರಲಿಲ್ಲ. ಎದುರು ಪಕ್ಷದ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು ಮಾತಾಡಿದರು, ರೋಮಿನ ಅಪ್ಪಣೆಯನ್ನು ತುಚ್ಛೀಕರಿಸಲಿಲ್ಲ, ಜನರ ಆತ್ಮಸಾಕ್ಷಿ ಕದಡದಂತೆ ನೋಡಿಕೊಂಡು ಮೂರು ವರ್ಷ ದುಡಿದರು. ಆಮೇಲೆ 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿನ ಕರಾವಳಿ ಕಾಲ್ವಿನ್ ಮತದ ಡಚ್ಚರ ಕೈಸೇರಿ, ಕಥೋಲಿಕ ಗುರುಗಳಿಗೆ ನಿಷೇಧವಿತ್ತು. ಗೋವೆಯಲ್ಲಿ ಕಥೋಲಿಕರು ಮಾಡಿದ್ದನ್ನು ಅಲ್ಲಿ ಪ್ರೊಟೆಸ್ಟಂಟರು ಮಾಡುತ್ತಿದ್ದರು. ವಾಜರು ಕೂಲಿಯವನಂತೆ, ಭಿಕ್ಷುಕನಂತೆ ವೇಷ ಮರೆಸಿ ಮನೆಮನೆಗೆ ಹೋಗಿ ರಾತ್ರಿ ಬಲಿಪೂಜೆ ಅರ್ಪಿಸಿದರು. ಕ್ಯಾಂಡಿಯಲ್ಲಿ ಸಿಡುಬು ಬಂದಾಗ ಎಲ್ಲ ಮತದ ರೋಗಿಗಳ ಆರೈಕೆ ಮಾಡಿದರು. 1711ರ ಜನವರಿ 16ರಂದು ದೈವಾಧೀನರಾದರು. ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಎರಡೂ ಕಡೆಯ ಅಧಿಕಾರದ ರುಚಿ ಕಂಡ ಸಂತರ ಹಬ್ಬ ಐಕ್ಯತಾ ಸಪ್ತಾಹದ ಹೊಸ್ತಿಲಲ್ಲೇ ಬರುವುದು ನಮಗೆ ಇಷ್ಟವಾಗುತ್ತದೆ.

ಪ್ರೊಟೆಸ್ಟಂಟ್ ಸಭೆಗಳು ಬಂದದ್ದು ಇನ್ನೊಂದು ದಾರಿಯಿಂದ. 1818ರಲ್ಲಿ ಬೆಳಗಾವಿ ಕೋಟೆ ಪೇಶ್ವೆಗಳಿಂದ ಇಂಗ್ಲಿಷರ ಕೈಗೆ ಬಂತು. ಎರಡೇ ವರ್ಷದಲ್ಲಿ, 1820ರಲ್ಲಿ, ಲಂಡನ್ ಮಿಷನ್ನಿನ ಜೋಸೆಫ್ ಟೇಲರರು ಬಳ್ಳಾರಿಯಿಂದ ಇಲ್ಲಿಗೆ ಬಂದರು. ಹಿಂದೆಯೇ ವಿಲಿಯಂ ಬೆನನ್ ಬಂದರು, ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಅವರು ಇಂದಿಗೂ ಊರವರ ಬಾಯಲ್ಲಿದ್ದಾರೆ. 1837ರಲ್ಲಿ ಧಾರವಾಡಕ್ಕೆ ಬಾಸೆಲ್ ಮಿಷನ್ ಬಂತು, ಅದರಲ್ಲಿ ಲೂಥರರ ಪರಂಪರೆಯೂ ಸ್ವಿಸ್ ಸುಧಾರಕರ ಪರಂಪರೆಯೂ ಕೂಡಿದ್ದವು. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲರು ಆ ಮಿಷನ್ನಿನವರು. 1904ರಲ್ಲಿ ಲಂಡನ್ ಮಿಷನ್ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ವಹಿಸಿಕೊಟ್ಟಿತು. ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಆಂಗ್ಲಿಕನ್ ಗುರು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ, ರೋಮನರಿಗೆ ಬರೆದ ಪತ್ರಕ್ಕೆ ಲೂಥರರು ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಅವರ ಮನಸ್ಸು ತಿರುಗಿತು. ವಿಟೆನ್‌ಬರ್ಗಿನಿಂದ ಲಂಡನ್ನಿಗೆ, ಅಲ್ಲಿಂದ ಅಮೆರಿಕಕ್ಕೆ, ಅಲ್ಲಿಂದ ಬೆಳಗಾವಿಗೆ. ನಿಮ್ಮ ಬೀಗರ ಮನೆಯ ವಂಶಾವಳಿ ಅದು.

ನಮ್ಮ ಕಡೆ? 1886ರ ಒಪ್ಪಂದದ ನಂತರವೂ ಬೆಳಗಾವಿ ಸೀಮೆ ಗೋವೆಯ ಮಹಾಧರ್ಮಾಧ್ಯಕ್ಷರ ಅಧೀನದಲ್ಲೇ ಇತ್ತು. ಅವರನ್ನು ಸೂಚಿಸುವ ಹಕ್ಕು ಲಿಸ್ಬನ್ನಿನದು. ಇಂಗ್ಲಿಷರು ಆಳುವ ನೆಲದಲ್ಲಿ ಪೋರ್ಚುಗಲ್ಲಿನ ಪಾದ್ರುವಾದೊ! 1950ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡು ಗೋವೆಯ ಹೊರಗಿನ ಆ ಹಕ್ಕು ಕೊನೆಗೊಂಡಿತು. 1953ರ ಸೆಪ್ಟೆಂಬರ್ 19ರಂದು ಪೋಪ್ ಹನ್ನೆರಡನೇ ಪಿಯುಸ್ ಅವರು ಗೋವಾ ಮತ್ತು ಪುಣೆಯ ಭಾಗಗಳನ್ನು ಬೇರ್ಪಡಿಸಿ ಬೆಳಗಾವಿ ಧರ್ಮಕ್ಷೇತ್ರವನ್ನು ಸ್ಥಾಪಿಸಿದರು. ಮೊದಲ ಧರ್ಮಾಧ್ಯಕ್ಷರು ಪೂಜ್ಯ ಮೈಕಲ್ ರೊಡ್ರಿಗಸ್. ಮುಂದೆ 1976ರಲ್ಲಿ ಕಾರವಾರ, 2005ರಲ್ಲಿ ಸಿಂಧುದುರ್ಗ ಪ್ರತ್ಯೇಕ ಧರ್ಮಕ್ಷೇತ್ರಗಳಾದವು.

1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಬಿರುಕಿಗೆ ಎರಡೂ ಕಡೆಯವರು ಹೊಣೆ ಎಂದು ಒಪ್ಪಿ, ಬೇರೆ ಸಭೆಗಳಲ್ಲಿ ದೀಕ್ಷಾಸ್ನಾನ ಪಡೆದವರನ್ನು ಸಹೋದರರೆಂದು ಕರೆಯಿತು. ಜನರ ಭಾಷೆಯಲ್ಲಿ ಆರಾಧನೆ ಬೇಕೆಂಬ ಲೂಥರರ ಒತ್ತಾಯಕ್ಕೆ ನಾಲ್ಕು ಶತಮಾನಗಳ ನಂತರ ನಮ್ಮಲ್ಲೂ ಹೂಂ ಎನ್ನಲಾಯಿತು. ಯಾವ ಭಾಷೆ ಎಂಬುದು ಬೆಳಗಾವಿಯ ಪ್ರಶ್ನೆ, ಕೊಂಕಣಿಯೋ, ಮರಾಠಿಯೋ, ಕನ್ನಡವೋ, ಇಂಗ್ಲಿಷೋ! ಅದಕ್ಕೆ ಯಾವ ಮಹಾಸಭೆಯೂ ಉತ್ತರ ಹೇಳಿಲ್ಲ. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ, ಹೌದು, ಆ ಸಾಲ ಕೊಟ್ಟ ಸಾಹುಕಾರರ ಊರಿನಲ್ಲೇ, ಕಥೋಲಿಕರೂ ಲೂಥರನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ತನ್ನ ಪುಣ್ಯದ ಲೆಕ್ಕದಿಂದಲ್ಲ, ದೇವಕೃಪೆಯಿಂದ, ಕ್ರಿಸ್ತರಲ್ಲಿಟ್ಟ ವಿಶ್ವಾಸದಿಂದ, ಆ ಕೃಪೆಯೇ ಅವನನ್ನು ಸತ್ಕಾರ್ಯಕ್ಕೆ ನಡೆಸುತ್ತದೆ ಎಂಬುದರಲ್ಲಿ ಮೂಲಭೂತ ಭಿನ್ನಾಭಿಪ್ರಾಯ ಉಳಿದಿಲ್ಲ ಎಂದು ಅದು ಸಾರಿತು. 2006ರ ಜುಲೈಯಲ್ಲಿ ಸೋಲ್ ನಗರದಲ್ಲಿ ವಿಶ್ವ ಮೆಥೊಡಿಸ್ಟ್ ಮಂಡಳಿಯೂ ಅದನ್ನು ಒಪ್ಪಿಕೊಂಡಿತು. 1517ರಲ್ಲಿ ಹೊತ್ತಿದ ಮುಖ್ಯ ವಾದದಲ್ಲಿ ನಮಗೂ ನಮ್ಮ ಬೆಳಗಾವಿಯ ಮೆಥೊಡಿಸ್ಟ್ ಬಂಧುಗಳಿಗೂ ಈಗ ಒಪ್ಪಿಗೆಯಿದೆ. ಈ ಸುದ್ದಿ ನಮ್ಮ ಪೀಠಗಳಿಂದ ಸಾಕಷ್ಟು ಕೇಳಿಬಂದಿಲ್ಲ.

ಹಾಗಾದರೆ ಎಲ್ಲ ಮುಗಿಯಿತೇ? ಇಲ್ಲ. ಪರಮಪ್ರಸಾದ, ಗುರುದೀಕ್ಷೆ, ಪೋಪರ ಸ್ಥಾನ ಇವುಗಳ ಬಗ್ಗೆ ಒಮ್ಮತ ಬಂದಿಲ್ಲ. ಆದ್ದರಿಂದಲೇ ಒಂದೇ ಮೇಜಿನಲ್ಲಿ ಊಟ ಮಾಡುವ ಗಂಡ ಹೆಂಡತಿ ಭಾನುವಾರ ಒಂದೇ ಬಲಿಪೀಠದ ಬಳಿ ಬರಲಾಗದು. ಇದನ್ನು ಹೇಳುವಾಗ ನಮ್ಮ ಮನಸ್ಸಿಗೂ ನೋವಾಗುತ್ತದೆ. ಆದರೆ ಇಲ್ಲದ ಐಕ್ಯವನ್ನು ಇದೆಯೆಂದು ನಟಿಸಲು ನಮಗೆ ಅಧಿಕಾರವಿಲ್ಲ. ಇದೇ ರೀತಿ, ಇರುವ ಐಕ್ಯವನ್ನು ಇಲ್ಲವೆನ್ನಲೂ ಅಧಿಕಾರವಿಲ್ಲ. ಮೆಥೊಡಿಸ್ಟ್ ಅಥವಾ ಆಂಗ್ಲಿಕನ್ ಸಭೆಯಲ್ಲಿ ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಕೊಟ್ಟ ದೀಕ್ಷಾಸ್ನಾನ ನಿಜವಾದ ದೀಕ್ಷಾಸ್ನಾನವೇ. ನಮ್ಮ ಧರ್ಮಸಭೆಯ ಕಾನೂನಿನಂತೆ ಅದನ್ನು ಮತ್ತೊಮ್ಮೆ ಕೊಡುವಂತಿಲ್ಲ. ಮದುವೆಯ ಹೊತ್ತಿಗೆ "ಹುಡುಗನಿಗೆ ನಮ್ಮಲ್ಲಿ ಇನ್ನೊಮ್ಮೆ ನೀರು ಹಾಕಿಸಿಬಿಡಿ ಫಾದರ್" ಎಂದು ಒತ್ತಾಯಿಸುವ ಸೋದರಮಾವಂದಿರು ಇದನ್ನು ಗಮನಿಸಬೇಕು.

ಅಂತಹ ಮದುವೆಗೆ ಬೇಕಾದದ್ದು ಧರ್ಮಾಧ್ಯಕ್ಷರ ಅನುಮತಿ. ಅದಕ್ಕೆ ಕಥೋಲಿಕ ವರ ಅಥವಾ ವಧು, ತನ್ನ ವಿಶ್ವಾಸವನ್ನು ಉಳಿಸಿಕೊಳ್ಳುವೆನೆಂದೂ ಮಕ್ಕಳಿಗೆ ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸಲು ತನ್ನ ಕೈಲಾದುದನ್ನೆಲ್ಲ ಮಾಡುವೆನೆಂದೂ ಮಾತು ಕೊಡಬೇಕು. ಈ ಮಾತು ಇನ್ನೊಬ್ಬರಿಗೂ ತಿಳಿದಿರಬೇಕು, ಅವರ ಬೆನ್ನ ಹಿಂದೆ ಮಾಡುವ ಕೆಲಸವಲ್ಲ. ಆದ್ದರಿಂದ ಮದುವೆಯ ಹಾಲ್ ಗೊತ್ತುಮಾಡಿ, ಲಗ್ನಪತ್ರಿಕೆ ಅಚ್ಚಾದ ಮೇಲೆ ಓಡಿಬರಬೇಡಿ. ಮೂರು ನಾಲ್ಕು ತಿಂಗಳು ಮೊದಲೇ ಇಬ್ಬರನ್ನೂ ಕರೆದುಕೊಂಡು ಬನ್ನಿ, ಬೀಗರೂ ಬಂದರೆ ಸಂತೋಷ. ಅವರ ಚರ್ಚಿನ ಪಾಸ್ಟರರಿಂದ ಹುಡುಗನ ದೀಕ್ಷಾಸ್ನಾನದ ಪತ್ರವನ್ನು ಬರೆಸಿ ತನ್ನಿ. ನಿಮ್ಮ ಮಗಳ ಪತ್ರದ ಜೊತೆಗೇ ಅದನ್ನೂ ಅದೇ ದಫ್ತರದ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇವೆ.